ಡಿ ಸಿಕಾ ನೋಡಬೇಕು, ಆದರೆ ಯಾವುದರಿಂದ ಶುರು ಮಾಡೋದು?

“ಬೈಸಿಕಲ್ ಥೀವ್ಸ್ ನೋಡು ಅಂತ ಎಲ್ಲರೂ ಹೇಳ್ತಾರೆ. ಆದರೆ ತುಂಬಾ ಅಳಿಸುತ್ತಂತೆ. ಅದೇ ಡೈರೆಕ್ಟರ್‌ದು ಬೇರೆ ಯಾವುದಾದರೂ ಇದೆಯಾ?” ಗೆಳತಿಯೊಬ್ಬಳು ಹೀಗೆ ಕೇಳಿದಳು. ಅದಾದ ಮೇಲೆ ಸೋದರಮಾವನ ಮಗ ಕೇಳಿದ, ಅವನಿಗೆ ಮನೆಮಂದಿಯೆಲ್ಲ ಕೂತು ನೋಡುವಂಥದ್ದು ಬೇಕಿತ್ತು. ಆಮೇಲೆ ಇನ್ನೂ ಮೂರ್ನಾಲ್ಕು ಜನ. ಎಲ್ಲರ ಗೊಂದಲವೂ ಒಂದೇ. ಆ ಇಟಲಿಯ ನಿರ್ದೇಶಕ ವಿಟ್ಟೋರಿಯೋ ಡಿ ಸಿಕಾ ಹೆಸರು ಹಾಕಿ ಹುಡುಕಿದರೆ ಒಂದು ಕಡೆ ಯುದ್ಧ ಮುಗಿದ ರೋಮಿನ ಬೀದಿಗಳಲ್ಲಿ ಹಸಿದು ಅಲೆಯುವ ಜನ ಕಾಣುತ್ತಾರೆ, ಇನ್ನೊಂದು ಕಡೆ ಬಣ್ಣದ ತೆರೆಯ ಮೇಲೆ ನಗುತ್ತಿರುವ ನಟಿ ಸೋಫಿಯಾ ಲಾರೆನ್ ಕಾಣುತ್ತಾಳೆ. ಇವೆರಡೂ ಒಬ್ಬನೇ ಮನುಷ್ಯನ ಕೆಲಸವಾ? ಹೌದು. ಹಾಗಾದರೆ ಎಲ್ಲಿಂದ ಶುರು?

ಎಲ್ಲರಿಗೂ ಒಂದೇ ಉತ್ತರ ಕೊಟ್ಟರೆ ತಪ್ಪಾಗುತ್ತದೆ. ನಾನು ಈ ಸಿನಿಮಾಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ, ಬೇರೆ ಬೇರೆಯವರ ಜೊತೆ ಕೂತು ನೋಡಿದ್ದೇನೆ. ಒಂದೇ ಸಿನಿಮಾ ಒಬ್ಬರಿಗೆ ಜೀವನಪೂರ್ತಿ ಉಳಿಯುತ್ತೆ, ಇನ್ನೊಬ್ಬರಿಗೆ ಅರ್ಧ ಗಂಟೆಗೇ ಸಾಕಾಗುತ್ತೆ. ಹಾಗಾಗಿ ಯಾವುದು ದೊಡ್ಡದು ಅಂತ ಕೇಳುವ ಮೊದಲು ನಿಮ್ಮನ್ನು ನೀವೇ ಒಂದಷ್ಟು ಕೇಳಿಕೊಳ್ಳಿ.

ಮೊದಲನೆಯದು, ಪಕ್ಕದಲ್ಲಿ ಯಾರು ಕೂರುತ್ತಾರೆ? ಒಬ್ಬರೇ ನೋಡುವುದು ಬೇರೆ, ಹತ್ತು ವರ್ಷದ ಮಗಳ ಜೊತೆ ನೋಡುವುದು ಬೇರೆ, ರಿಟೈರ್ ಆದ ಅಪ್ಪನ ಜೊತೆ ನೋಡುವುದು ಇನ್ನೂ ಬೇರೆ. ಎರಡನೆಯದು, ಈಗ ನಿಮ್ಮ ಮನಸ್ಸು ಎಷ್ಟು ತಡೆದುಕೊಳ್ಳುತ್ತೆ? ಡಿ ಸಿಕಾ ಸುಮ್ನೆ ಅಳಿಸುವುದಿಲ್ಲ ನಿಜ, ಆದರೆ ಅಳಿಸುವಾಗ ಪೂರ್ತಿ ಅಳಿಸುತ್ತಾನೆ. ಮೂರನೆಯದು ಸಬ್‌ಟೈಟಲ್. ಇದನ್ನು ಯಾರೂ ಹೇಳುವುದಿಲ್ಲ, ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತೆ. ಮಾತು ಇಟಾಲಿಯನ್ನಿನಲ್ಲಿ, ಅಕ್ಷರ ಇಂಗ್ಲಿಷಿನಲ್ಲಿ. ಅಮ್ಮನೋ ಅಜ್ಜಿಯೋ ಜೊತೆಗಿದ್ದು ಅವರಿಗೆ ಇಂಗ್ಲಿಷ್ ಓದಲು ಬರದಿದ್ದರೆ ಮಾತು ಕಡಿಮೆ ಇರುವ, ಮುಖ ನೋಡಿಯೇ ಅರ್ಥವಾಗುವ ಸಿನಿಮಾ ಬೇಕು. ನಾಲ್ಕನೆಯದು ಸಮಯ ಮತ್ತು ದುಡ್ಡು. ಒಂದು ಸಂಜೆ ಇದೆಯಾ, ಒಂದು ತಿಂಗಳು ಇದೆಯಾ? ಚಂದಾ ಕಟ್ಟುತ್ತೀರಾ, ಬಾಡಿಗೆಗೆ ನೋಡುತ್ತೀರಾ, ಡಿಸ್ಕ್ ಕೊಳ್ಳುತ್ತೀರಾ? ಇದರ ಬಗ್ಗೆ ಆಮೇಲೆ ಬರೆಯುತ್ತೇನೆ, ಇದರಲ್ಲಿ ನಾನು ಪೆಟ್ಟು ತಿಂದಿದ್ದೇನೆ.

ಆಯ್ಕೆಗೆ ಸಹಾಯವಾಗುವಷ್ಟು ಆತನ ಕಥೆಯನ್ನೂ ಹೇಳಿಬಿಡುತ್ತೇನೆ. ಡಿ ಸಿಕಾ ಹುಟ್ಟಿದ್ದು 1901ರ ಜುಲೈ 7ರಂದು, ರೋಮಿಗೂ ನೇಪಲ್ಸಿಗೂ ನಡುವಿನ ಸೋರಾ ಎಂಬ ಊರಿನಲ್ಲಿ. ಬಾಲ್ಯದ ಒಂದಷ್ಟು ವರ್ಷ ನೇಪಲ್ಸಿನಲ್ಲಿ ಕಳೆದ, ಆ ಊರು ಕೊನೆಯವರೆಗೂ ಅವನನ್ನು ಬಿಡಲಿಲ್ಲ. ಓದಿದ್ದು ಲೆಕ್ಕಪತ್ರದ ಓದು. ಸೇರಿದ್ದು ಮಾತ್ರ ನಾಟಕ ಕಂಪನಿ. 1932ರ ಹೊತ್ತಿಗೆ ಆತ ಇಟಲಿಯ ಮೆಚ್ಚಿನ ನಾಯಕನಟ, ಹಾಡುವವನು, ನಗಿಸುವವನು, ಹುಡುಗಿಯರ ಕನಸಿನ ಹುಡುಗ. ನಿರ್ದೇಶನಕ್ಕೆ ಬಂದದ್ದು 1940ರಲ್ಲಿ, ಅದೂ ಹಗುರ ಹಾಸ್ಯದ ಸಿನಿಮಾಗಳಿಂದ. ತಿರುವು ಸಿಕ್ಕಿದ್ದು ಚೆಸಾರೆ ಜವಾಟಿನಿ ಎಂಬ ಲೇಖಕ ಜೊತೆಯಾದಾಗ. ಇವರಿಬ್ಬರ ಜೋಡಿ ಮೂವತ್ತು ವರ್ಷ ನಡೆಯಿತು. ಮುಂದೆ ಹೇಳುವ ಸಿನಿಮಾಗಳಲ್ಲಿ ಹೆಚ್ಚಿನವಕ್ಕೆ ಜವಾಟಿನಿಯ ಕೈ ಇದೆ. ಡಿ ಸಿಕಾ ತೀರಿಕೊಂಡಿದ್ದು 1974ರ ನವೆಂಬರ್ 13ರಂದು, ಪ್ಯಾರಿಸಿನ ಪಕ್ಕದ ನ್ಯೂಯಿಯಲ್ಲಿ. ಅಷ್ಟರಲ್ಲಿ ಆತನ ನಾಲ್ಕು ಸಿನಿಮಾಗಳಿಗೆ ಆಸ್ಕರ್ ಬಂದಿತ್ತು.

ಇನ್ನೊಂದು ಮಾತು. ಡಿ ಸಿಕಾ ಅಂದರೆ ಬಡತನದ ಸಿನಿಮಾ ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಕಾಣುವುದು ಮರ್ಯಾದೆಯ ಸಿನಿಮಾ. ಹಸಿವಿಗಿಂತ ಹೆಚ್ಚಾಗಿ, ನಾಲ್ಕು ಜನರ ಎದುರು ತಲೆ ತಗ್ಗಿಸಬೇಕಾದ ಹೊತ್ತು ಆತನನ್ನು ಕಾಡುತ್ತೆ. ಸೈಕಲ್ ಕಳೆದುಕೊಂಡವನಿಗೂ ಅದೇ ಚಿಂತೆ, ಪಿಂಚಣಿ ಸಾಲದ ಮುದುಕನಿಗೂ ಅದೇ, ನೇಪಲ್ಸಿನ ಬಾಯಿಬಡುಕಿ ಹೆಂಗಸಿಗೂ ಅದೇ. ಇದು ತಲೆಯಲ್ಲಿದ್ದರೆ ಕಪ್ಪುಬಿಳುಪಿನ ಡಿ ಸಿಕಾ, ಸೋಫಿಯಾ ಲಾರೆನ್‌ಳ ಡಿ ಸಿಕಾ ಅಂತ ಇಬ್ಬರು ಇರುವುದಿಲ್ಲ.

ಈಗ ಒಂದೊಂದಾಗಿ ನೋಡೋಣ.

ಬೈಸಿಕಲ್ ಥೀವ್ಸ್, 1948

ಕಥೆ ಒಂದೇ ಸಾಲಿನದ್ದು. ಬಹಳ ದಿನ ಕೆಲಸವಿಲ್ಲದೆ ಕೂತಿದ್ದ ಅಂತೋನಿಯೊಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತೆ, ಅದಕ್ಕೆ ಸೈಕಲ್ ಇರಲೇಬೇಕು, ಮೊದಲ ದಿನವೇ ಸೈಕಲ್ ಕಳುವಾಗುತ್ತೆ, ಆತ ತನ್ನ ಪುಟ್ಟ ಮಗ ಬ್ರೂನೊನ ಕೈ ಹಿಡಿದು ರೋಮ್ ತುಂಬಾ ಹುಡುಕುತ್ತಾನೆ. ಇಷ್ಟೇ. ಒಂದೂವರೆ ಗಂಟೆ ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ, ಯಾಕೆಂದರೆ ಸೈಕಲ್ ಸಿಗುತ್ತಾ ಇಲ್ವಾ ಅನ್ನುವುದು ಒಳ್ಳೆಯ ಪತ್ತೇದಾರಿ ಕಥೆಯ ಹಾಗೆ ಎಳೆದುಕೊಂಡು ಹೋಗುತ್ತೆ.

ಶುರುವಿನ ಒಂದು ದೃಶ್ಯ ಹೇಳುತ್ತೇನೆ. ಸೈಕಲ್ ಅಡವಿನಲ್ಲಿದೆ. ಬಿಡಿಸಲು ದುಡ್ಡಿಲ್ಲ. ಹೆಂಡತಿ ಮರಿಯಾ ಹಾಸಿಗೆಯ ಮೇಲಿನ ಬಟ್ಟೆ ಎಳೆದು, ಮದುವೆಯಲ್ಲಿ ಬಂದ ಹೊದಿಕೆಗಳನ್ನೆಲ್ಲ ಸೇರಿಸಿ ಗಂಟು ಕಟ್ಟಿ ಗಿರವಿ ಅಂಗಡಿಗೆ ಒಯ್ಯುತ್ತಾಳೆ. ಅಂಗಡಿಯವನು ಆ ಗಂಟನ್ನು ಒಳಗೆ ತೆಗೆದುಕೊಂಡು ಹೋಗುತ್ತಾನೆ, ಕ್ಯಾಮೆರಾ ಅವನನ್ನೇ ನೋಡುತ್ತಿರುತ್ತೆ, ಆತ ಏಣಿಯ ಹಾಗೆ ಕಪಾಟು ಹತ್ತುತ್ತಾನೆ, ಹತ್ತುತ್ತಲೇ ಇರುತ್ತಾನೆ, ಸೂರಿನವರೆಗೂ ಬರೀ ಗಂಟುಗಳು. ಒಂದು ಮನೆಯ ಕಥೆ ಅಂದುಕೊಂಡು ನೋಡುತ್ತಿದ್ದೆವು, ಇಡೀ ಊರಿನ ಹಾಸಿಗೆ ಅಲ್ಲಿದೆ. ಯಾರೂ ಭಾಷಣ ಮಾಡುವುದಿಲ್ಲ.

ಮುಖ್ಯ ಪಾತ್ರ ಮಾಡಿದವರು ಯಾರೂ ನಟರಲ್ಲ. ಅಂತೋನಿಯೊ ಆದ ಲ್ಯಾಂಬರ್ಟೊ ಮಜೊರಾನಿ ಕಾರ್ಖಾನೆ ಕೆಲಸಗಾರ. ಅಮೆರಿಕದ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ದುಡ್ಡು ಹಾಕಲು ಮುಂದೆ ಬಂದಿದ್ದ, ಆದರೆ ಹಾಲಿವುಡ್ ತಾರೆ ಕ್ಯಾರಿ ಗ್ರಾಂಟ್ ನಾಯಕನಾಗಬೇಕು ಅಂದ. ಡಿ ಸಿಕಾ ಒಪ್ಪಲಿಲ್ಲ. ಇಸ್ತ್ರಿ ಮಾಡಿದ ನಗುವಿನ ಕ್ಯಾರಿ ಗ್ರಾಂಟ್ ಆ ಗಿರವಿ ಅಂಗಡಿಯ ಸಾಲಿನಲ್ಲಿ ನಿಂತಿದ್ದರೆ ಹೇಗಿರುತ್ತಿತ್ತು, ಯೋಚಿಸಿ.

ಇದು ಯಾರಿಗೆ? ಒಂದೇ ಒಂದು ಸಿನಿಮಾ ನೋಡುತ್ತೇನೆ ಅನ್ನುವವರಿಗೆ. ಅಮ್ಮ ಅಜ್ಜಿಯರ ಜೊತೆ ನೋಡುವವರಿಗೂ ಇದೇ. ಮಾತು ಕಡಿಮೆ, ಅರ್ಥವಾಗದ ಕಡೆ ನೀವು ಒಂದು ಸಾಲು ಕನ್ನಡದಲ್ಲಿ ಹೇಳಿದರೆ ಸಾಕು. ಹತ್ತು ವರ್ಷ ದಾಟಿದ ಮಕ್ಕಳ ಜೊತೆಗೂ ನೋಡಬಹುದು, ಅವರು ಬ್ರೂನೊನನ್ನು ಬಿಟ್ಟು ಬೇರೆ ಯಾರನ್ನೂ ನೋಡುವುದಿಲ್ಲ. ಆ ಹೋಟೆಲ್ಲಿನ ದೃಶ್ಯದಲ್ಲಿ ಅಪ್ಪ ತನಗೆ ಬರಬೇಕಿದ್ದ ಸಂಬಳದ ಲೆಕ್ಕ ಹೇಳುತ್ತಾ ಹೋಗುತ್ತಾನೆ, ಮಗ ಪೆನ್ಸಿಲ್ ಹಿಡಿದು ಕೂಡಿಸುತ್ತಾನೆ, ಹಿಂದಿನ ಟೇಬಲ್ಲಿನ ಶ್ರೀಮಂತ ಹುಡುಗ ಚಾಕು ಚಮಚದಲ್ಲಿ ತಿನ್ನುತ್ತಾ ತಿರುಗಿ ತಿರುಗಿ ನೋಡುತ್ತಾನೆ, ಬ್ರೂನೊ ಬಾಯಲ್ಲಿ ಚೀಸಿನ ಎಳೆ ಉದ್ದಕ್ಕೆ ಜಗ್ಗಿಕೊಂಡಿರುತ್ತೆ. ಮಕ್ಕಳು ನಗುತ್ತಾರೆ. ನಮಗೆ ಗಂಟಲು ಕಟ್ಟುತ್ತೆ.

ತೊಂದರೆ ಏನು? ಕೊನೆಯ ಹತ್ತು ನಿಮಿಷ. ಅದನ್ನು ಇಲ್ಲಿ ಹೇಳುವುದಿಲ್ಲ. ಆದರೆ ಮನಸ್ಸು ಈಗಾಗಲೇ ಕುಗ್ಗಿದ್ದರೆ, ಕೆಲಸ ಕಳೆದುಕೊಂಡ ಹೊಸತರಲ್ಲಿದ್ದರೆ, ಇದನ್ನು ಸ್ವಲ್ಪ ದಿನ ಮುಂದೂಡಿ. ಇನ್ನೊಂದು, ಕೆಲವು ಕಡೆ ಇದರ ಹೆಸರು ‘ದಿ ಬೈಸಿಕಲ್ ಥೀಫ್’ ಅಂತ ಇರುತ್ತೆ, ಅಮೆರಿಕದಲ್ಲಿ ಹಾಗೆ ಬಿಡುಗಡೆ ಮಾಡಿದ್ದರು. ಸಿನಿಮಾ ಅದೇ. ಆದರೆ ಇಟಾಲಿಯನ್ ಹೆಸರು ಬಹುವಚನದಲ್ಲಿದೆ, ಸೈಕಲ್ ಕಳ್ಳರು. ಯಾಕೆ ಬಹುವಚನ ಅನ್ನುವುದರಲ್ಲೇ ಸಿನಿಮಾದ ಜೀವ ಇದೆ.

ನಮ್ಮ ದೇಶಕ್ಕೂ ಇದಕ್ಕೂ ಹಳೆಯ ನಂಟಿದೆ. ಸತ್ಯಜಿತ್ ರೇ 1950ರಲ್ಲಿ ಲಂಡನ್ನಿನಲ್ಲಿ ಇದನ್ನು ನೋಡಿದ ಮೇಲೆಯೇ ಹೊಸಬರನ್ನು ಇಟ್ಟುಕೊಂಡು, ಬಯಲಲ್ಲೇ ಚಿತ್ರೀಕರಿಸಿ ಸಿನಿಮಾ ಮಾಡಬಹುದು ಅನ್ನುವ ಧೈರ್ಯ ಬಂತು. 1952ರಲ್ಲಿ ನಮ್ಮ ಮೊದಲ ಅಂತಾರಾಷ್ಟ್ರೀಯ ಚಿತ್ರೋತ್ಸವ ನಡೆದಾಗ ಇದು ಇಲ್ಲಿನ ತೆರೆಗೂ ಬಂತು.

ಶೂಶೈನ್, 1946

ಬೈಸಿಕಲ್ ಥೀವ್ಸ್ ನೋಡಿದವರು ಮುಂದಿನದು ಇದಿರಲಿ ಅಂತ ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಇದು ಅದಕ್ಕಿಂತ ಕಠಿಣ. ರೋಮಿನಲ್ಲಿ ಅಮೆರಿಕನ್ ಸೈನಿಕರ ಬೂಟು ಪಾಲಿಶ್ ಮಾಡುವ ಇಬ್ಬರು ಹುಡುಗರು, ಪಾಸ್ಕಾಲೆ ಮತ್ತು ಜುಸೆಪ್ಪೆ. ಇಬ್ಬರಿಗೂ ಒಂದು ಕುದುರೆ ಕೊಳ್ಳುವ ಆಸೆ. ದುಡ್ಡು ಕೂಡಿಸುವ ಭರದಲ್ಲಿ ದೊಡ್ಡವರ ಕಾಳಸಂತೆ ವ್ಯವಹಾರಕ್ಕೆ ಸಿಕ್ಕಿ ಮಕ್ಕಳ ಜೈಲು ಸೇರುತ್ತಾರೆ. ಅಲ್ಲಿ ದೊಡ್ಡವರು ಅವರಿಬ್ಬರ ಗೆಳೆತನವನ್ನು ಹೇಗೆ ಮುರಿಯುತ್ತಾರೆ ಅನ್ನುವುದೇ ಸಿನಿಮಾ. ಪಕ್ಕದ ಕೋಣೆಯಲ್ಲಿ ಗೋಣಿಗೆ ಬೆಲ್ಟಿನಲ್ಲಿ ಹೊಡೆದು, ನಿನ್ನ ಗೆಳೆಯನಿಗೇ ಹೊಡೆಯುತ್ತಿದ್ದೇವೆ ಅಂತ ನಂಬಿಸಿ, ಪಾಸ್ಕಾಲೆಯ ಬಾಯಿ ಬಿಡಿಸುತ್ತಾರೆ. ಆ ಹುಡುಗ ಗುಟ್ಟು ಹೇಳುವುದು ಗೆಳೆಯನನ್ನು ಉಳಿಸಲು. ಗೆಳೆಯನಿಗೆ ತಿಳಿಯುವುದು ಇವನು ದ್ರೋಹ ಮಾಡಿದ ಅಂತ.

ಇಟಲಿಯಲ್ಲಿ ಇದು ಓಡಲಿಲ್ಲ. ಅಮೆರಿಕದಲ್ಲಿ ಆಸ್ಕರ್ ಕೊಟ್ಟರು, ಪರಭಾಷೆಯ ಸಿನಿಮಾಗೆ ಪ್ರತ್ಯೇಕ ವಿಭಾಗವೇ ಇಲ್ಲದ ಕಾಲದಲ್ಲಿ ವಿಶೇಷ ಗೌರವ ಅಂತ ಕರೆದು ಕೊಟ್ಟರು. ನನ್ನ ಅಭಿಪ್ರಾಯ, ಇದರಿಂದ ಶುರು ಮಾಡಬೇಡಿ. ಮಕ್ಕಳ ಜೊತೆಗಂತೂ ಬೇಡವೇ ಬೇಡ, ಮಕ್ಕಳಿದ್ದಾರೆ ಅನ್ನುವ ಕಾರಣಕ್ಕೆ ಇದು ಮಕ್ಕಳ ಸಿನಿಮಾ ಅಲ್ಲ. ಶಾಲೆಯಲ್ಲಿ ಪಾಠ ಮಾಡುವವರು, ಮಕ್ಕಳ ಜೊತೆ ಕೆಲಸ ಮಾಡುವವರು ಮಾತ್ರ ಯಾವತ್ತಾದರೂ ನೋಡಲೇಬೇಕು.

ಮಿರಾಕಲ್ ಇನ್ ಮಿಲಾನ್, 1951

ಗೆಳತಿ ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ಇದು. ಅದೇ ಬಡವರು, ಅದೇ ಚಳಿ, ಆದರೆ ಈ ಸಲ ಅಜ್ಜಿಕಥೆಯ ಧಾಟಿ. ಕೋಸಿನ ತೋಟದಲ್ಲಿ ಸಿಕ್ಕ ಮಗು ತೊತೊ, ದೊಡ್ಡವನಾಗಿ ಮಿಲಾನಿನ ಹೊರಗಿನ ಗುಡಿಸಲುಗಳ ನಡುವೆ ಬದುಕುತ್ತಾನೆ. ಆ ಜಾಗದಲ್ಲಿ ಪೆಟ್ರೋಲಿಯಂ ಎಣ್ಣೆ ಚಿಮ್ಮುತ್ತೆ, ಜಾಗದ ಧಣಿ ಎಲ್ಲರನ್ನೂ ಎಬ್ಬಿಸಲು ಬರುತ್ತಾನೆ, ಆಗ ತೊತೊ ಕೈಗೆ ಕೇಳಿದ್ದೆಲ್ಲ ಕೊಡುವ ಒಂದು ಪಾರಿವಾಳ ಬರುತ್ತೆ.

ಇದರಲ್ಲೊಂದು ದೃಶ್ಯ ಇದೆ. ಬೆಳಗಿನ ಚಳಿ. ಮೋಡದ ಸಂದಿಯಿಂದ ಒಂದು ತುಂಡು ಬಿಸಿಲು ನೆಲಕ್ಕೆ ಬೀಳುತ್ತೆ. ಗುಡಿಸಲಿನವರೆಲ್ಲ ಓಡಿಬಂದು ಅಷ್ಟೇ ಜಾಗದಲ್ಲಿ ಒತ್ತಿಕೊಂಡು ನಿಲ್ಲುತ್ತಾರೆ, ಕಾಲು ಕುಣಿಸುತ್ತಾ ಮೈ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಆ ಬಿಸಿಲು ಸರಿಯುತ್ತೆ, ಇನ್ನೊಂದು ಕಡೆ ಬೀಳುತ್ತೆ, ಜನ ಅಲ್ಲಿಗೆ ಓಡುತ್ತಾರೆ. ಎಷ್ಟು ಸಲ ನೋಡಿದರೂ ಇಲ್ಲಿ ನನ್ನ ಮುಖದಲ್ಲಿ ನಗು ಬರುತ್ತೆ, ಜೊತೆಗೇ ಏನೋ ಚುಚ್ಚುತ್ತೆ. ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ 1951ರಲ್ಲಿ ಇದಕ್ಕೂ ಇನ್ನೊಂದು ಸ್ವೀಡಿಷ್ ಸಿನಿಮಾಕ್ಕೂ ಹಂಚಿಹೋಯಿತು.

ಮನೆಮಂದಿಯೆಲ್ಲ ಕೂತು ನೋಡಲು ಇದೇ ಒಳ್ಳೆಯದು. ಆದರೆ ತರ್ಕ ಕೇಳುವವರಿಗೆ ಎರಡನೆಯ ಅರ್ಧ ಜಾಸ್ತಿ ಆಯಿತು ಅನ್ನಿಸಬಹುದು, ಪಾರಿವಾಳ ಬಂದಮೇಲೆ ಒಂದರ ಹಿಂದೊಂದು ಪವಾಡ, ತಮಾಷೆ, ಗಲಾಟೆ. ನನಗೂ ಅಲ್ಲಿ ಸ್ವಲ್ಪ ಉದ್ದ ಅನ್ನಿಸಿದೆ. ಬೈಸಿಕಲ್ ಥೀವ್ಸ್‌ನ ಗಟ್ಟಿತನ ಇದರಲ್ಲಿಲ್ಲ. ಅಳು ಬೇಡ ಅನ್ನುವವರು ಅಷ್ಟು ಬಿಟ್ಟುಕೊಡಬೇಕು.

ಉಂಬೆರ್ಟೊ ಡಿ, 1952

ಡಿ ಸಿಕಾನ ಅತ್ಯುತ್ತಮ ಸಿನಿಮಾ ಯಾವುದು ಅಂತ ನನ್ನನ್ನು ಕೇಳಿದರೆ ಇದು. ಯಾವುದನ್ನು ಮೊದಲು ನೋಡಬೇಕು ಅಂತ ಕೇಳಿದರೆ ಇದಲ್ಲ.

ಸರ್ಕಾರಿ ಕೆಲಸದಿಂದ ನಿವೃತ್ತನಾದ ಒಬ್ಬ ಮುದುಕ, ಅವನ ನಾಯಿ ಫ್ಲೈಕ್, ಬಾಡಿಗೆ ಬಾಕಿ ಇರುವ ಒಂದು ಕೋಣೆ. ಪಿಂಚಣಿ ಸಾಲುವುದಿಲ್ಲ. ಮನೆಯೊಡತಿ ಖಾಲಿ ಮಾಡು ಅನ್ನುತ್ತಾಳೆ. ಆತ ಕೋಟು ಟೋಪಿ ಬಿಡದ ಮನುಷ್ಯ, ಸಾಲ ಕೇಳಲೂ ಬಾಯಿ ಬರದವನು. ಈ ಪಾತ್ರ ಮಾಡಿದ ಕಾರ್ಲೊ ಬಟ್ಟಿಸ್ತಿ ನಟ ಅಲ್ಲ, ಫ್ಲಾರೆನ್ಸಿನ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನದ ಪ್ರೊಫೆಸರ್. ಡಿ ಸಿಕಾ ಈ ಸಿನಿಮಾವನ್ನು ತನ್ನ ಅಪ್ಪನಿಗೆ ಅರ್ಪಿಸಿದ. ಅಪ್ಪನ ಹೆಸರೂ ಉಂಬೆರ್ಟೊ.

ಬೇರೆ ದಾರಿ ಕಾಣದೆ ಮುದುಕ ಭಿಕ್ಷೆ ಬೇಡಲು ನಿಲ್ಲುತ್ತಾನೆ. ಸುತ್ತ ನೋಡಿ, ಮೆಲ್ಲಗೆ ಕೈ ಚಾಚುತ್ತಾನೆ. ದಾರಿಹೋಕನೊಬ್ಬ ನಿಂತು ಜೇಬಿಗೆ ಕೈ ಹಾಕುತ್ತಾನೆ. ನೋಟು ಇನ್ನೇನು ಅಂಗೈಗೆ ಬೀಳಬೇಕು, ಅಷ್ಟರಲ್ಲಿ ಮುದುಕ ಕೈಯನ್ನು ಮಗುಚಿಬಿಡುತ್ತಾನೆ, ಮಳೆ ಹನಿಯುತ್ತಿದೆಯಾ ಅಂತ ನೋಡುವವನ ಹಾಗೆ. ಆಮೇಲೆ ಟೋಪಿಯನ್ನು ನಾಯಿಯ ಬಾಯಿಗೆ ಕೊಟ್ಟು ತಾನು ಕಂಬದ ಹಿಂದೆ ಮರೆಯಾಗುತ್ತಾನೆ. ಪರಿಚಯದ ದೊಡ್ಡ ಮನುಷ್ಯನೊಬ್ಬ ಆ ಕಡೆಯೇ ಬಂದಾಗ ಓಡಿಬಂದು, ಏನೋ ನಾಯಿ ಆಟ ಆಡ್ತಿದೆ ಅಂತ ತೋರಿಸಿಕೊಳ್ಳುತ್ತಾನೆ.

ನಮ್ಮಪ್ಪ ರಿಟೈರ್ ಆದ ವರ್ಷ ಇದನ್ನು ಅವರ ಜೊತೆ ಕೂತು ನೋಡಿದೆ. ಸಬ್‌ಟೈಟಲ್ ಅವರಿಗೆ ತೊಂದರೆಯಾಗಲಿಲ್ಲ. ಆ ಕೈ ಮಗುಚುವ ಹೊತ್ತಿಗೆ ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. ಸಿನಿಮಾ ಮುಗಿದ ಮೇಲೆ ನಾಯಿ ಚೆನ್ನಾಗಿ ಮಾಡಿದೆ ಅಂತ ಮಾತ್ರ ಹೇಳಿ ಎದ್ದು ಹೋದರು. ನಾನು ಇದನ್ನು ಅವರಿಗೆ ತೋರಿಸಬಾರದಿತ್ತೇನೋ ಅಂತ ಆವತ್ತು ಅನ್ನಿಸಿತು. ಎರಡು ವಾರದ ನಂತರ ಅವರೇ, “ಆ ಮುದುಕನ ಸಿನಿಮಾ ಇನ್ನೊಂದ್ಸಲ ಹಾಕು” ಅಂದರು. ಹಾಗಾಗಿ ಹಿರಿಯರಿಗೆ ತೋರಿಸಬೇಡಿ ಅಂತ ನಾನು ಹೇಳಲಾರೆ. ಅವರು ಹೇಗಿದ್ದಾರೆ ನೋಡಿಕೊಂಡು ತೋರಿಸಿ. ಆತ್ಮಹತ್ಯೆಯ ಯೋಚನೆಯ ಭಾಗ ಇದರಲ್ಲಿದೆ, ನಾಯಿಗಳನ್ನು ಹಿಡಿದು ಕೊಲ್ಲುವ ಜಾಗದ ದೃಶ್ಯವೂ ಇದೆ. ನಾಯಿ ಸಾಕಿದವರಿಗೆ ಇದು ಮೊದಲೇ ಗೊತ್ತಿರಲಿ.

ಇದನ್ನು ಮೊದಲು ಬೇಡ ಅನ್ನುವುದು ನಿಧಾನದ ಕಾರಣಕ್ಕೆ. ಮನೆಗೆಲಸದ ಹುಡುಗಿ ಬೆಳಿಗ್ಗೆ ಎದ್ದು ಅಡುಗೆಮನೆಗೆ ಬರುತ್ತಾಳೆ. ಬೆಂಕಿಕಡ್ಡಿ ಗೀರುತ್ತಾಳೆ, ಗೋಡೆಯ ಇರುವೆ ನೋಡುತ್ತಾಳೆ, ತನ್ನ ಹೊಟ್ಟೆ ನೋಡಿಕೊಳ್ಳುತ್ತಾಳೆ, ಕೂತು ಕಾಫಿಬೀಜ ಬೀಸುತ್ತಾ ಕಾಲು ಚಾಚಿ ಹೆಬ್ಬೆರಳಿನಲ್ಲಿ ಬಾಗಿಲು ದೂಡಲು ನೋಡುತ್ತಾಳೆ. ಕಥೆ ಅಲ್ಲಿ ಮುಂದಕ್ಕೇ ಹೋಗುವುದಿಲ್ಲ. ಡಿ ಸಿಕಾ ಅಭ್ಯಾಸವಿಲ್ಲದವರು ಅಲ್ಲಿ ಮೊಬೈಲ್ ತೆಗೆಯುತ್ತಾರೆ. ಬೈಸಿಕಲ್ ಥೀವ್ಸ್ ನೋಡಿ ಬಂದವರು ಅವಳ ಮುಖದ ಮೇಲಿಂದ ಕಣ್ಣು ತೆಗೆಯುವುದಿಲ್ಲ.

ಇಟಲಿಯ ಸರ್ಕಾರಕ್ಕೆ ಈ ಸಿನಿಮಾ ಹಿಡಿಸಲಿಲ್ಲ. ಆಗ ಸಿನಿಮಾ ವಿಷಯ ನೋಡಿಕೊಳ್ಳುತ್ತಿದ್ದ, ಮುಂದೆ ಹಲವು ಸಲ ಪ್ರಧಾನಿಯಾದ ಜೂಲಿಯೊ ಆಂದ್ರೆಯೊತ್ತಿ ದೇಶದ ಹೆಸರು ಕೆಡಿಸುತ್ತಿದ್ದೀರಿ ಅನ್ನುವ ಅರ್ಥದಲ್ಲಿ ಬಹಿರಂಗವಾಗಿಯೇ ಬರೆದ. ಜನರೂ ಬರಲಿಲ್ಲ. ಡಿ ಸಿಕಾನ ಆ ದಾರಿ ಹೆಚ್ಚುಕಡಿಮೆ ಅಲ್ಲಿಗೆ ನಿಂತಿತು.

ಟೂ ವಿಮೆನ್, 1960

ಸೋಫಿಯಾ ಲಾರೆನ್ ನೋಡಬೇಕು, ಆದರೆ ಗಂಭೀರವಾದದ್ದು ಬೇಕು ಅನ್ನುವವರಿಗೆ ಇದು. ಆಲ್ಬೆರ್ಟೊ ಮೊರಾವಿಯಾ ಕಾದಂಬರಿ. ಯುದ್ಧಕಾಲದಲ್ಲಿ ಬಾಂಬಿಗೆ ಹೆದರಿ ರೋಮಿನ ಅಂಗಡಿ ಬಿಟ್ಟು ಹಳ್ಳಿ ಕಡೆ ಹೊರಟ ತಾಯಿ, ಹದಿಹರೆಯಕ್ಕೆ ಕಾಲಿಡುತ್ತಿರುವ ಮಗಳು. ಮೊದಲು ಲಾರೆನ್‌ಗೆ ಇಟ್ಟಿದ್ದು ಮಗಳ ಪಾತ್ರ, ತಾಯಿ ಅನ್ನಾ ಮಾನ್ಯಾನಿ ಆಗಬೇಕಿತ್ತು. ಮಾನ್ಯಾನಿ ಒಲ್ಲೆ ಅಂದಳು. ಇಪ್ಪತ್ತೈದರ ಲಾರೆನ್ ತಾಯಿಯಾದಳು, ಇಂಗ್ಲಿಷ್ ಅಲ್ಲದ ಭಾಷೆಯ ಅಭಿನಯಕ್ಕೆ ಅತ್ಯುತ್ತಮ ನಟಿಯ ಆಸ್ಕರ್ ಪಡೆದ ಮೊದಲಿಗಳೂ ಆದಳು.

ಒಂದು ಎಚ್ಚರಿಕೆ. ಕಥೆಯ ಕೊನೆಯ ಭಾಗದಲ್ಲಿ ತಾಯಿ ಮಗಳಿಬ್ಬರ ಮೇಲೂ ಸೈನಿಕರಿಂದ ಅತ್ಯಾಚಾರ ಆಗುತ್ತೆ. ಯುದ್ಧದಲ್ಲಿ ಆ ಪ್ರದೇಶದ ಹೆಂಗಸರಿಗೆ ನಿಜವಾಗಿ ಆದದ್ದು ಅದು. ಮಕ್ಕಳನ್ನು ಕೂರಿಸಿಕೊಂಡು ನೋಡಬೇಡಿ, ಹಿರಿಯರಿಗೂ ಮೊದಲೇ ಹೇಳಿಬಿಡಿ. ಇಂಗ್ಲಿಷ್ ಡಬ್ಬಿಂಗ್ ಇರುವ ಪ್ರತಿಯೂ ಸಿಗುತ್ತೆ, ಸಬ್‌ಟೈಟಲ್ ಓದಲು ಬೇಸರ ಇರುವವರಿಗೆ ಅನುಕೂಲ ಅನ್ನಿಸಬಹುದು. ಆದರೆ ಲಾರೆನ್ ತನ್ನ ಭಾಷೆಯಲ್ಲಿ ಬೈಯುವುದು, ಕೂಗುವುದು ಕೇಳದಿದ್ದರೆ ಅರ್ಧ ಅಭಿನಯ ಹೋಯಿತು.

ನಗಬೇಕು ಅನ್ನುವವರಿಗೆ

ಇಲ್ಲಿ ಎರಡಿವೆ, ಎರಡರಲ್ಲೂ ಲಾರೆನ್ ಮತ್ತು ಮಾರ್ಚೆಲ್ಲೊ ಮಾಸ್ಟ್ರೊಯಾನಿ. 1963ರ ‘ಯೆಸ್ಟರ್‌ಡೇ, ಟುಡೇ ಅಂಡ್ ಟುಮಾರೋ’ ಮೂರು ಬಿಡಿ ಕಥೆಗಳ ಸಿನಿಮಾ, ಸುಮಾರು ಎರಡು ಗಂಟೆ, ಆಸ್ಕರ್ ಬಂದದ್ದು. ನೇಪಲ್ಸಿನ ಮೊದಲ ಕಥೆಯೇ ಚಿನ್ನ. ಕಳ್ಳ ಸಿಗರೇಟು ಮಾರುವ ಅದೆಲೀನಾಗೆ ಶಿಕ್ಷೆ ಆಗಿದೆ, ಆದರೆ ಬಸುರಿಯನ್ನು, ಹೆತ್ತು ಆರು ತಿಂಗಳಾಗದವಳನ್ನು ಜೈಲಿಗೆ ಹಾಕುವಂತಿಲ್ಲ ಅನ್ನುತ್ತೆ ಕಾನೂನು. ಹಾಗಾಗಿ ಆಕೆ ಬಸುರಾಗುತ್ತಲೇ ಇರುತ್ತಾಳೆ, ಗಂಡ ಬಡವಾಗುತ್ತಲೇ ಇರುತ್ತಾನೆ. ಇಡೀ ಕೇರಿ ಅವಳ ಹೊಟ್ಟೆಯ ಕಾವಲಿಗೆ ನಿಂತಿರುತ್ತೆ. ಮಿಲಾನಿನ ಎರಡನೆಯ ಕಥೆ ಸಪ್ಪೆ. ರೋಮಿನ ಮೂರನೆಯದು ದೊಡ್ಡವರಿಗೆ.

1964ರ ‘ಮ್ಯಾರೇಜ್ ಇಟಾಲಿಯನ್ ಸ್ಟೈಲ್’ ಅದಕ್ಕಿಂತ ಒಳ್ಳೆಯ ಸಿನಿಮಾ ಅಂತ ನನ್ನ ಲೆಕ್ಕ. ಎದುವಾರ್ದೊ ಡಿ ಫಿಲಿಪ್ಪೊನ ನಾಟಕ ಇದಕ್ಕೆ ಮೂಲ. ಇಪ್ಪತ್ತು ವರ್ಷ ಇಟ್ಟುಕೊಂಡು ಮದುವೆಯಾಗದ ಗಂಡಸನ್ನು ಫಿಲುಮೆನಾ ಸಾಯುವ ನಾಟಕ ಆಡಿ ಕಟ್ಟಿಕೊಳ್ಳುತ್ತಾಳೆ. ಮೋಸ ಬಯಲಾದಾಗ ಹೇಳುತ್ತಾಳೆ, ನನಗೆ ಮೂವರು ಗಂಡುಮಕ್ಕಳಿದ್ದಾರೆ, ಒಬ್ಬ ನಿನ್ನವನು, ಯಾರು ಅಂತ ಹೇಳುವುದಿಲ್ಲ. ಹೇಳಿದರೆ ಉಳಿದಿಬ್ಬರು ಎರಡನೆಯವರಾಗುತ್ತಾರಲ್ಲ! ಆತ ಮೂವರ ಮುಖವನ್ನೂ ದಿಟ್ಟಿಸುತ್ತಾ ತನ್ನ ಗುರುತು ಹುಡುಕುವುದು ನಗು ತರಿಸುತ್ತೆ, ಆಮೇಲೆ ನಗು ನಿಲ್ಲುತ್ತೆ.

ಇದನ್ನು ಮಾಡುವಾಗ ಡಿ ಸಿಕಾನ ಸ್ವಂತ ಬದುಕೂ ಹೀಗೇ ಸಿಕ್ಕಾಗಿತ್ತು. ಮೊದಲ ಹೆಂಡತಿ ಜುದಿತ್ತಾ ರಿಸ್ಸೋನೆ ಮತ್ತು ಮಗಳ ಮನೆ ಒಂದು, ನಟಿ ಮರಿಯಾ ಮೆರ್ಕಾದೆರ್ ಮತ್ತು ಇಬ್ಬರು ಗಂಡುಮಕ್ಕಳ ಮನೆ ಇನ್ನೊಂದು. ಇಟಲಿಯಲ್ಲಿ ವಿಚ್ಛೇದನದ ಕಾನೂನು ಬಂದದ್ದೇ 1970ರಲ್ಲಿ. ಹೊಸವರ್ಷದ ರಾತ್ರಿ ಒಂದು ಮನೆಯ ಗಡಿಯಾರ ಹಿಂದಕ್ಕೆ ತಿರುಗಿಸಿಟ್ಟು ಎರಡೂ ಕಡೆ ಹನ್ನೆರಡು ಹೊಡೆಯುವಾಗ ಇರುತ್ತಿದ್ದ ಅಂತ ಹೇಳುತ್ತಾರೆ. ಫ್ರೆಂಚ್ ಪೌರತ್ವ ತೆಗೆದುಕೊಂಡು ಮೆರ್ಕಾದೆರ್‌ಳನ್ನು ಮದುವೆಯಾದದ್ದು 1968ರಲ್ಲಿ.

ಈ ಎರಡು ಸಿನಿಮಾಗಳ ಕಷ್ಟ ಒಂದೇ, ಸಬ್‌ಟೈಟಲ್. ನೇಪಲ್ಸಿನವರ ಮಾತಿನ ವೇಗಕ್ಕೆ ಅಕ್ಷರ ಓಡುತ್ತೆ. ಇಂಗ್ಲಿಷ್ ಓದಲು ಬರದವರ ಜೊತೆ ಇವು ಆಗುವುದಿಲ್ಲ.

ದಿ ಗಾರ್ಡನ್ ಆಫ್ ದಿ ಫಿಂಜಿ-ಕಾಂತಿನೀಸ್, 1970

ಹಳೆಯ ಕಪ್ಪುಬಿಳುಪು ಆಗಿಬರದವರು ಇಲ್ಲಿಂದ ಶುರು ಮಾಡಬಹುದು. ಬಣ್ಣ ಇದೆ, ಬೆಳಕು ಇದೆ, ಚಂದದ ಮುಖಗಳಿವೆ. ಜಾರ್ಜೊ ಬಸ್ಸಾನಿಯ ಕಾದಂಬರಿ. ಫೆರಾರಾ ಊರಿನ ಶ್ರೀಮಂತ ಯಹೂದಿ ಮನೆತನ, ಎತ್ತರದ ಗೋಡೆಯ ಒಳಗೆ ದೊಡ್ಡ ತೋಟ. 1938ರಲ್ಲಿ ಮುಸೊಲಿನಿಯ ಜನಾಂಗೀಯ ಕಾನೂನು ಬಂದು ಯಹೂದಿಗಳನ್ನು ಊರಿನ ಟೆನಿಸ್ ಕ್ಲಬ್ಬಿನಿಂದ ಹೊರಹಾಕಿದಾಗ ಹುಡುಗ ಹುಡುಗಿಯರೆಲ್ಲ ಈ ತೋಟಕ್ಕೆ ಆಡಲು ಬರುತ್ತಾರೆ. ಬಿಳಿ ಬಟ್ಟೆ, ಸೈಕಲ್ಲು, ನಗು, ಒಪ್ಪದ ಪ್ರೀತಿ. ಗೋಡೆಯ ಆಚೆ ಏನಾಗುತ್ತಿದೆ ಅಂತ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಸಂಗೀತ ಡಿ ಸಿಕಾನ ಮಗ ಮಾನುಯೆಲ್‌ದು. ಬರ್ಲಿನ್ ಚಿತ್ರೋತ್ಸವದ ಚಿನ್ನದ ಕರಡಿ ಪ್ರಶಸ್ತಿ, ಆಮೇಲೆ ಆಸ್ಕರ್ ಎರಡೂ ಬಂದವು. ರಕ್ತಪಾತ ತೋರಿಸುವುದಿಲ್ಲ, ಅದಕ್ಕೇ ಕಾಲೇಜು ಮಕ್ಕಳ ಜೊತೆ ನೋಡಿ ಮಾತಾಡಲು ಒಳ್ಳೆಯದು. ಆದರೆ ಬೀದಿಯ ಡಿ ಸಿಕಾ ಇಲ್ಲಿ ಸಿಗುವುದಿಲ್ಲ, ಜೂಮ್ ಮಾಡುವ ಆ ಕಾಲದ ಚಾಳಿ ಈಗ ಸ್ವಲ್ಪ ಹಳತಾಗಿ ಕಾಣುತ್ತೆ.

ದುಡ್ಡಿನ ವಿಷಯ

ಮೊದಲು ಉಚಿತವಾಗಿ ಸಿಗುವ ಪ್ರತಿಗಳ ಬಗ್ಗೆ. ಹಳೆಯ ಸಿನಿಮಾ ಅಲ್ವಾ, ಎಲ್ಲಿಯಾದರೂ ಸಿಗುತ್ತೆ ಅಂತ ಹುಡುಕಿದರೆ ಸಿಗುತ್ತವೆ, ಆದರೆ ಮಸುಕು, ಅಂಚು ಕತ್ತರಿಸಿದ್ದು, ಸಬ್‌ಟೈಟಲ್ ಅರ್ಧಂಬರ್ಧ. ಬೈಸಿಕಲ್ ಥೀವ್ಸ್‌ನಂಥ ಸಿನಿಮಾದಲ್ಲಿ ಹಿಂದೆ ನಿಂತ ಜನರ ಮುಖ ಕಾಣದಿದ್ದರೆ ಏನು ನೋಡಿದ ಹಾಗಾಯಿತು? 1953ರ ‘ಟರ್ಮಿನಲ್ ಸ್ಟೇಷನ್’ ಬಗ್ಗೆ ಇನ್ನೂ ಹುಷಾರು. ಸೆಲ್ಜ್‌ನಿಕ್ ಅದನ್ನು ಒಂದು ಗಂಟೆಯ ಸುಮಾರಿಗೆ ಕತ್ತರಿಸಿ ‘ಇಂಡಿಸ್‌ಕ್ರೆಷನ್ ಆಫ್ ಆನ್ ಅಮೆರಿಕನ್ ವೈಫ್’ ಅಂತ ಬೇರೆ ಹೆಸರಲ್ಲಿ ಬಿಟ್ಟಿದ್ದ. ಡಿ ಸಿಕಾನದ್ದು ಒಂದೂವರೆ ಗಂಟೆಯದು. ಉದ್ದ ನೋಡಿಕೊಂಡೇ ಶುರು ಮಾಡಿ.

ಒಂದೇ ಸಿನಿಮಾ ಸಾಕು ಅನ್ನುವವರು ರಿಪೇರಿ ಮಾಡಿದ ಒಳ್ಳೆಯ ಪ್ರತಿಯನ್ನು ಒಂದು ಸಲಕ್ಕೆ ಬಾಡಿಗೆಗೆ ತೆಗೆದುಕೊಳ್ಳಿ, ಅದೇ ಅಗ್ಗ. ನಾಲ್ಕೈದು ನೋಡುವ ಮನಸ್ಸಿದ್ದರೆ ವಿಶ್ವ ಸಿನಿಮಾ ಇಡುವ ಓಟಿಟಿಗೆ ಒಂದು ತಿಂಗಳ ಚಂದಾ ಕಟ್ಟಿ, ಆ ತಿಂಗಳಲ್ಲೇ ಮುಗಿಸಿ. ಪಟ್ಟಿ ಬದಲಾಗುತ್ತಾ ಇರುತ್ತೆ, ಕಟ್ಟುವ ಮುಂಚೆ ಸಿನಿಮಾ ಇದೆಯಾ ನೋಡಿ. ಊರಲ್ಲಿ ಫಿಲ್ಮ್ ಸೊಸೈಟಿ ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ, ಕೇಳಿದರೆ ಬೈಸಿಕಲ್ ಥೀವ್ಸ್ ಬೇಡ ಅನ್ನುವವರು ಅಲ್ಲಿ ಯಾರೂ ಇರುವುದಿಲ್ಲ.

ಡಿಸ್ಕ್ ಕೊಳ್ಳುವವರಿಗೆ ನನ್ನ ಅನುಭವ ಹೇಳುತ್ತೇನೆ. ಉಂಬೆರ್ಟೊ ಡಿ ಬ್ಲೂ-ರೇ ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದೆ. ಒಳ್ಳೆಯ ದುಡ್ಡೇ ಕೊಟ್ಟೆ. ಮನೆಯ ಪ್ಲೇಯರಿಗೆ ಹಾಕಿದರೆ ಓಡಲಿಲ್ಲ. ಯಾವ ಡಿಸ್ಕ್ ಯಾವ ದೇಶದ ಪ್ಲೇಯರಿನಲ್ಲಿ ಓಡಬೇಕು ಅಂತ ವಲಯ ಹಂಚಿರುತ್ತಾರೆ. ಅದು ಅಮೆರಿಕದ ಎ ವಲಯದ ಡಿಸ್ಕ್, ನಮ್ಮದು ಸಿ ವಲಯ. ಡಿವಿಡಿಯಲ್ಲೂ ಇದೇ ಕಥೆ, ಅಮೆರಿಕದ್ದು 1, ನಮ್ಮದು 5. ಮಾರುವವರು ಇದನ್ನು ಎಲ್ಲೂ ಬರೆದಿರಲಿಲ್ಲ, ವಾಪಸ್ಸೂ ತೆಗೆದುಕೊಳ್ಳಲಿಲ್ಲ. ಎಲ್ಲ ವಲಯದ ಡಿಸ್ಕ್ ಓಡಿಸುವ ಪ್ಲೇಯರ್ ನಿಮ್ಮಲ್ಲಿದೆಯಾ ಅಂತ ಖಚಿತ ಮಾಡಿಕೊಂಡೇ ದುಡ್ಡು ಕೊಡಿ. ಇದ್ದರೆ ಡಿಸ್ಕಿನಷ್ಟು ಚೆನ್ನಾಗಿ ಬೇರೆ ಯಾವುದೂ ಕಾಣುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಯಾವ ಪ್ರತಿ ನೋಡಿದರೂ ತುಟಿಗೂ ಮಾತಿಗೂ ಅಲ್ಲಲ್ಲಿ ಹೊಂದುವುದಿಲ್ಲ. ಪ್ರತಿ ಕೆಟ್ಟಿದೆ ಅಂದುಕೊಳ್ಳಬೇಡಿ. ಆ ಕಾಲದ ಇಟಲಿಯಲ್ಲಿ ಮಾತನ್ನು ಆಮೇಲೆ ಸೇರಿಸುತ್ತಿದ್ದರು.

ನನ್ನನ್ನು ಕೇಳಿದರೆ ಒಂದು ಸಂಜೆಗೆ ಬೈಸಿಕಲ್ ಥೀವ್ಸ್. ಮನಸ್ಸು ಭಾರ ಇದ್ದರೆ ಮಿರಾಕಲ್ ಇನ್ ಮಿಲಾನ್. ಗಂಡ ಹೆಂಡತಿ ಕೂತು ನೋಡುವುದಾದರೆ ಮ್ಯಾರೇಜ್ ಇಟಾಲಿಯನ್ ಸ್ಟೈಲ್. ಒಂದು ತಿಂಗಳು ಇದ್ದರೆ ಬೈಸಿಕಲ್ ಥೀವ್ಸ್, ಉಂಬೆರ್ಟೊ ಡಿ, ಮ್ಯಾರೇಜ್, ಆಮೇಲೆ ಫಿಂಜಿ-ಕಾಂತಿನೀಸ್, ಇದೇ ಕ್ರಮದಲ್ಲಿ. ಶೂಶೈನ್ ಮತ್ತು ಟೂ ವಿಮೆನ್ ಗಟ್ಟಿ ಮನಸ್ಸಿನ ದಿನಕ್ಕೆ ಇರಲಿ.

ಇಷ್ಟೆಲ್ಲ ನೋಡಿ ಆದಮೇಲೆ ಆತ ಹೇಗಿದ್ದ ಅಂತ ಮುಖ ನೋಡುವ ಆಸೆ ಆದರೆ 1954ರ ‘ದಿ ಗೋಲ್ಡ್ ಆಫ್ ನೇಪಲ್ಸ್’ ಹಾಕಿ. ಬಿಡಿ ಕಥೆಗಳ ಸಿನಿಮಾ, ಜೂಜುಕೋರರ ಕಥೆಯನ್ನಷ್ಟೇ ನೋಡಿದರೂ ಆಗುತ್ತೆ. ಡಿ ಸಿಕಾಗೆ ಜೂಜಿನ ಚಟ ಇತ್ತು, ಬೇರೆಯವರ ಸಿನಿಮಾಗಳಲ್ಲಿ ನಟಿಸಿ ದುಡಿದದ್ದರಲ್ಲಿ ಬಹಳಷ್ಟು ಅಲ್ಲಿಗೇ ಹೋಯಿತು. ಈ ಕಥೆಯಲ್ಲಿ ಆತನೇ ಜೂಜಿನ ಚಟದ ಒಬ್ಬ ಕೌಂಟ್. ಹೆಂಡತಿ ಕೈಗೆ ಒಂದು ಕಾಸೂ ಕೊಡುವುದಿಲ್ಲ. ಹಾಗಾಗಿ ಬಾಗಿಲು ಕಾಯುವವನ ಪುಟ್ಟ ಮಗನನ್ನು ಎದುರಿಗೆ ಕೂರಿಸಿಕೊಂಡು ಇಸ್ಪೀಟು ಆಡುತ್ತಾನೆ. ಹುಡುಗನಿಗೆ ಹೊರಗೆ ಹೋಗಿ ಗೆಳೆಯರ ಜೊತೆ ಆಡುವ ಆಸೆ, ಮುಖ ಗಂಟು ಹಾಕಿಕೊಂಡು ಎಲೆ ಹಾಕುತ್ತಾನೆ, ಪ್ರತಿ ಆಟ ಗೆಲ್ಲುತ್ತಾನೆ. ಕೌಂಟ್ ಬೆವರುತ್ತಾನೆ, ವಾದ ಮಾಡುತ್ತಾನೆ, ಇನ್ನೊಂದಾಟ ಅನ್ನುತ್ತಾನೆ.